ಕರಿ ಮನೆ, ಬಿಳಿ ಮನೆ: ಒಂದು ಪಿಯಾನೋ ಆಲ್ಬಂ ಒಳಗೆ ಏನೇನಿದೆ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಒಂದೂವರೆ ವರ್ಷದಿಂದ ಒಂದು ಆಲ್ಬಂ ಮಾಡುತ್ತಿದ್ದಾಳೆ. ಎಂಟು ಹಾಡು. ಬರೆದವಳು ಅವಳೇ, ರಾಗ ಹಾಕಿದವಳು ಅವಳೇ, ಹಾಡಿದವಳೂ ಅವಳೇ. ಹಿಂದೆ ಯಾವ ಆಡಿಯೋ ಕಂಪನಿಯೂ ಇಲ್ಲ, ಸಿನಿಮಾನೂ ಇಲ್ಲ. ಮನೆಯ ಹಿಂದಿನ ಕೋಣೆ, ಒಂದು ಡಿಜಿಟಲ್ ಪಿಯಾನೋ, ಒಂದು ಮೈಕು, ಒಂದು ಲ್ಯಾಪ್‌ಟಾಪು, ಅಷ್ಟೇ. ಮೊನ್ನೆ ನಾಲ್ಕು ಹಾಡು ನಮ್ಮ ಮನೆಗೆ ಬಂದು ಕೇಳಿಸಿದಳು. ಮುಗಿದ ಮೇಲೆ ನಮ್ಮತ್ತೆ ಕೇಳಿದರು: "ಚೆನ್ನಾಗೈತೆ ಕಣವ್ವ. ಆದ್ರೆ ಇದು ಯಾವ ಥರದ್ದು? ಭಾವಗೀತೆನಾ, ಸಿನಿಮಾ ಹಾಡಾ, ಇಂಗ್ಲಿಷ್‌ನೋರ ಹಾಡಾ?"

ಹುಡುಗಿ ಸುಮ್ನೆ ನಕ್ಕಳು. ಉತ್ತರ ಅಷ್ಟು ಸುಲಭ ಇಲ್ಲ. ನಾನು ಚಿಕ್ಕಂದಿನಲ್ಲಿ ಭಜನೆಗೆ ಹಾರ್ಮೋನಿಯಂ ಬಾರಿಸುತ್ತಿದ್ದವಳು, ಆ ಕಾರಣಕ್ಕೆ ಅವಳು ಕೋಣೆಗೆ ಕರೆದು "ಅಕ್ಕ, ಇಲ್ಲಿ ಕೇಳಿ, ಇದು ಹೊಂದುತ್ತಾ?" ಅಂತ ಕೇಳುತ್ತಿರುತ್ತಾಳೆ. ಹಾಗೆ ಕೂತು ಕೇಳಿದ್ದರಿಂದ ನನಗೆ ಅರ್ಥವಾದದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಹಲವು ಬಗೆಯ ಸಂಗೀತ ಬೆರೆತ, ಪಿಯಾನೋ ಮುಂದೆ ನಿಂತ ಆಲ್ಬಂ ಅಂದರೆ ಏನು, ಅದರಲ್ಲಿ ಏನನ್ನು ಕೇಳಬೇಕು, ಬೆರಕೆ ಎಲ್ಲಿ ಕೂಡುತ್ತದೆ, ಎಲ್ಲಿ ಒಡೆಯುತ್ತದೆ ಅನ್ನೋದು.

ಮೊದಲು ಒಂದು ಮಾತು. ಬರೆಯುವವರು, ರಾಗ ಕಟ್ಟುವವರು, ಹಾಡುವವರು ಮೂರೂ ಒಬ್ಬರೇ ಆಗಿರೋದು ನಮಗೆ ಹೊಸದಲ್ಲ. ಅದಕ್ಕೆ ನಮ್ಮಲ್ಲಿ ವಾಗ್ಗೇಯಕಾರ ಅನ್ನೋ ಶಬ್ದವೇ ಇದೆ. ಪುರಂದರದಾಸರನ್ನು ಹಾಗೇ ಕರೆಯುತ್ತೇವೆ. ಭಾವಗೀತೆಯ ಕ್ಯಾಸೆಟ್ ಬಂದ ಕಾಲಕ್ಕೆ ಈ ಕೆಲಸ ಹಂಚಿಹೋಯಿತು. ಕವಿ ಒಬ್ಬರು, ರಾಗ ಹಾಕುವವರು ಇನ್ನೊಬ್ಬರು, ಹಾಡುವವರು ಮತ್ತೊಬ್ಬರು. ಸಿನಿಮಾದಲ್ಲೂ ಹಾಗೇ. ಈಗ ಕೋಣೆಯಲ್ಲಿ ಕೂತು ಒಬ್ಬರೇ ಆಲ್ಬಂ ಮಾಡುವವರು ಆ ಮೂರನ್ನೂ ಮತ್ತೆ ಒಂದೇ ಕಡೆ ತರುತ್ತಿದ್ದಾರೆ. ಅದರ ಲಾಭ ಏನು ಗೊತ್ತಾ? ರಾಗಕ್ಕೆ ಒಂದು ಪದ ಒಗ್ಗದಿದ್ದರೆ ಯಾರ ಅನುಮತಿಯನ್ನೂ ಕೇಳದೆ ಪದವನ್ನೇ ಬದಲಿಸಬಹುದು.

ಇನ್ನು ಪಿಯಾನೋ. ಕ್ರಿ.ಶ. 1700ರ ಆಸುಪಾಸಿನಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತಲೋಮಿಯೊ ಕ್ರಿಸ್ಟೊಫೊರಿ ಅನ್ನುವವರು ಇದನ್ನು ಕಟ್ಟಿದರು. ಅದಕ್ಕೂ ಮುಂಚೆ ಇದ್ದ ಹಾರ್ಪ್ಸಿಕಾರ್ಡ್ ವಾದ್ಯ ತಂತಿಯನ್ನು ಮೀಟುತ್ತಿತ್ತು. ಎಷ್ಟೇ ಜೋರಾಗಿ ಒತ್ತಿದರೂ ಹೆಚ್ಚುಕಡಿಮೆ ಒಂದೇ ಸದ್ದು. ಕ್ರಿಸ್ಟೊಫೊರಿ ಮೀಟುವುದನ್ನು ಬಿಟ್ಟು ಸಣ್ಣ ಸುತ್ತಿಗೆಯಿಂದ ಹೊಡೆಯುವ ಹಾಗೆ ಮಾಡಿದರು. ಮೆಲ್ಲಗೆ ಒತ್ತಿದರೆ ಮೆಲು ಸದ್ದು, ಜೋರಾಗಿ ಒತ್ತಿದರೆ ಜೋರು. ಇಟಾಲಿಯನ್ ಭಾಷೆಯಲ್ಲಿ ಪಿಯಾನೋ ಅಂದರೆ ಮೆಲ್ಲಗೆ, ಫೋರ್ಟೆ ಅಂದರೆ ಜೋರಾಗಿ. ಎರಡೂ ಸೇರಿದ ಉದ್ದನೆ ಹೆಸರು ಸವೆದು ಪಿಯಾನೋ ಅಂತ ಉಳಿಯಿತು. ಈಗಿನ ಪಿಯಾನೋದಲ್ಲಿ 88 ಮನೆ ಇರುತ್ತವೆ, 52 ಬಿಳಿ, 36 ಕರಿ. ಹಾರ್ಮೋನಿಯಂನವರು ಒತ್ತುವ ಪಟ್ಟಿಗೆ ಮನೆ ಅನ್ನುತ್ತಾರಲ್ಲ, ನಾನೂ ಹಾಗೇ ಹೇಳುತ್ತೇನೆ.

ಹಾರ್ಮೋನಿಯಂಗೂ ಪಿಯಾನೋಗೂ ಇರುವ ದೊಡ್ಡ ವ್ಯತ್ಯಾಸ ಇದು: ಹಾರ್ಮೋನಿಯಂನಲ್ಲಿ ಗಾಳಿ ಇರುವ ತನಕ ಸ್ವರ ನಿಲ್ಲುತ್ತದೆ. ಪಿಯಾನೋದ ಸ್ವರ ಹೊಡೆದ ಕ್ಷಣದಿಂದಲೇ ಕರಗತೊಡಗುತ್ತದೆ. ಪೆಡಲ್ ಒತ್ತಿ ಹಿಡಿದರೆ ಸ್ವಲ್ಪ ಜಾಸ್ತಿ ಹೊತ್ತು ಇರುತ್ತದೆ, ಆದರೂ ಕರಗುವುದು ತಪ್ಪುವುದಿಲ್ಲ. ಹಾಗಾಗಿ ಗಂಟಲು ಒಂದು ಸ್ವರವನ್ನು ಎಳೆದು ನಿಂತಾಗ, ಕೆಳಗಿನ ಪಿಯಾನೋ ತಾನಾಗಿಯೇ ಹಿಂದೆ ಸರಿಯುತ್ತದೆ. ಹಾಡುವವರು ಒಬ್ಬರೇ ನಿಂತಂತೆ ಕೇಳಿಸುತ್ತದೆ. ಪಿಯಾನೋ ಜೊತೆಗಿನ ಹಾಡು ಗುಟ್ಟು ಹೇಳಿದ ಹಾಗೆ, ಹತ್ತಿರ ಕೂತು ಮಾತಾಡಿದ ಹಾಗೆ ಅನ್ನಿಸೋದಕ್ಕೆ ನನ್ನ ಪ್ರಕಾರ ಇದೇ ದೊಡ್ಡ ಕಾರಣ.

ಎರಡನೆಯದು ಎಡಗೈ. ಭಜನೆಯ ಹಾರ್ಮೋನಿಯಂನಲ್ಲಿ ಎಡಗೈ ತಿದಿ ಒತ್ತುತ್ತದೆ, ಬಲಗೈ ಮಾತ್ರ ಬಾರಿಸುತ್ತದೆ. ಪಿಯಾನೋದಲ್ಲಿ ಎರಡೂ ಕೈ ಬಿಡುವು. ಎಡಗೈ ಒಂದು ನಡೆ ಹಿಡಿದರೆ ಬಲಗೈ ಇನ್ನೊಂದು ಮಾತಾಡಬಹುದು, ಅದರ ಮೇಲೆ ಗಂಟಲು ಮೂರನೆಯದು. ಒಬ್ಬರೇ ಕೂತು ಮೂರು ಜನರ ಕೆಲಸ. ಹಲವು ಬಗೆಯ ಸಂಗೀತ ಬೆರೆಸುವವರು ಪಿಯಾನೋ ಹಿಡಿಯೋದು ಇದಕ್ಕೇ. ನೀನಾ ಸಿಮೋನ್ ಅನ್ನುವ ಅಮೆರಿಕದ ಕಪ್ಪು ಹೆಣ್ಣುಮಗಳು, 1933ರಲ್ಲಿ ಹುಟ್ಟಿದವರು, ಶಾಸ್ತ್ರೀಯ ಪಿಯಾನೋ ವಾದಕಿ ಆಗಬೇಕು ಅಂತ ಹೊರಟಿದ್ದರು. ಫಿಲಡೆಲ್ಫಿಯಾದ ದೊಡ್ಡ ಸಂಗೀತ ಶಾಲೆಯಲ್ಲಿ ಪ್ರವೇಶ ಸಿಗಲಿಲ್ಲ. ಹೊಟ್ಟೆಪಾಡಿಗೆ ಒಂದು ಬಾರಿನಲ್ಲಿ ಬಾರಿಸಲು ಸೇರಿದರು, ಅಲ್ಲಿ ಹಾಡಲೂ ಬೇಕು ಅಂದರು, ಹಾಡಿದರು. ಆಮೇಲೆ ಅವರ ಹಾಡುಗಳಲ್ಲಿ ಕೈಗಳು ಜರ್ಮನಿಯ ಹಳೆಯ ಸಂಗೀತಗಾರ ಬಾಖ್‌ನ ಹಾಗೆ ಒಂದರ ಹಿಂದೆ ಒಂದು ಓಡುತ್ತಿದ್ದರೆ ಗಂಟಲಿನಲ್ಲಿ ಚರ್ಚಿನ ಹಾಡು, ಅಲ್ಲಿನ ಕಪ್ಪು ಜನರ ಬ್ಲೂಸ್ ಹಾಡು ಎರಡೂ ಇರುತ್ತಿದ್ದವು. ಯಾವುದೂ ಇನ್ನೊಂದನ್ನು ಮುಚ್ಚುತ್ತಿರಲಿಲ್ಲ. ಅವರು ಒಂದೊಂದಕ್ಕೆ ಒಂದೊಂದು ಜಾಗ ಕೊಟ್ಟಿದ್ದರು.

ಇದೇ ನಾನು ಹೇಳಬೇಕಾದ ಮುಖ್ಯ ವಿಷಯ. ಬೆರಕೆ ಅಂದ ಕೂಡಲೇ ಮಂಡಕ್ಕಿಗೆ ಈರುಳ್ಳಿ, ಖಾರ, ಎಣ್ಣೆ ಹಾಕಿ ಕಲಸಿದ ಹಾಗೆ ಅಂದುಕೊಳ್ಳುತ್ತೇವೆ. ಹಾಡಿನಲ್ಲಿ ಹಾಗೆ ಕಲಸಿದರೆ ಎಲ್ಲವೂ ಒಂದೇ ರುಚಿಗೆ ಬರುತ್ತದೆ. ತಬಲಾ ಹಾಕು, ಮೇಲೆ ಗಿಟಾರ್ ಹಾಕು, ನಡುವೆ ಕೊಳಲು ಬಿಡು, ಆಯಿತು ಫ್ಯೂಷನ್ ಅನ್ನೋದು ಬಹಳ ಕೇಳಿದ್ದೇವೆ, ಅಲ್ವಾ? ಬೆರಕೆ ಕೂಡಬೇಕಾದರೆ ಎರಡು ಸಂಗೀತಗಳ ಒಳಗಿನ ಕಟ್ಟು ಎಲ್ಲಾದರೂ ಒಂದು ಕಡೆ ನಿಜವಾಗಿ ಮುಟ್ಟಬೇಕು. ಮುಟ್ಟದ ಕಡೆ ಯಾರಾದರೂ ಒಬ್ಬರು ಸುಮ್ಮನಿರಬೇಕು.

ಹುಡುಗಿಯ ಮೂರನೇ ಹಾಡಿನಿಂದ ಇದನ್ನು ತೋರಿಸುತ್ತೇನೆ. ಅವಳ ಅಜ್ಜಿ ಚಳ್ಳಕೆರೆ ಕಡೆಯವರು. ಆ ಸೀಮೆ ಹಾಡಿನ ಸೀಮೆ, ಸಾವಿರಾರು ಪದಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದ ಸಿರಿಯಜ್ಜಿಯ ಊರ ಕಡೆ. ಈ ಅಜ್ಜಿಯೂ ಬೀಸುವ ಪದ ಹೇಳುತ್ತಾರೆ. ಬೀಸುವ ಪದ ಹೆಚ್ಚಾಗಿ ತ್ರಿಪದಿ, ಮೂರು ಸಾಲು. ಹೇಳುವಾಗ ಅಜ್ಜಿ ಎರಡನೇ ಸಾಲನ್ನು ಮತ್ತೊಮ್ಮೆ ಹಿಡಿದು ಆಮೇಲೆ ಮೂರನೇ ಸಾಲಿಗೆ ಹೋಗುತ್ತಾರೆ. ಬೀಸುಕಲ್ಲು ಒಂದು ಸುತ್ತು ಬರುವುದಕ್ಕೂ ಪದದ ಎಳೆತಕ್ಕೂ ಲೆಕ್ಕ ಇದೆ, ಅವರ ನಡೆ ಮೂರು ಮೂರಾಗಿ ತಿರುಗುತ್ತದೆ.

ಈಗ ಅಮೆರಿಕದ ಬ್ಲೂಸ್ ನೋಡಿ. ಹುಟ್ಟಿದ ಜಾಗ ಯುನೈಟೆಡ್ ಸ್ಟೇಟ್ಸ್‌ನ ದಕ್ಷಿಣದ ರಾಜ್ಯಗಳು. ಅಲ್ಲಿನ ಹತ್ತಿ ಹೊಲಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನರ ನಡುವೆ ಹತ್ತೊಂಬತ್ತನೇ ಶತಮಾನದ ಕೊನೆಗೆ ರೂಪುಗೊಂಡ ಹಾಡು ಅದು. ಬ್ಲೂಸಿನ ಒಂದು ನುಡಿಯಲ್ಲೂ ಮೂರೇ ಸಾಲು! ಮೊದಲ ಸಾಲು ಹೇಳುತ್ತಾರೆ, ಅದನ್ನೇ ಮತ್ತೆ ಹೇಳುತ್ತಾರೆ, ಮೂರನೇ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುತ್ತಾರೆ. ಒಂದೊಂದು ಸಾಲಿಗೆ ತಾಳದ ನಾಲ್ಕು ಸುತ್ತು, ಅಂದರೆ ಆವರ್ತ, ಒಟ್ಟು ಹನ್ನೆರಡು. ಮೊದಲ ನಾಲ್ಕು ಷಡ್ಜದ, ಅಂದರೆ ಸರಿಗಮದ ಸ ಸ್ವರದ, ಆಸರೆಯಲ್ಲಿ ನಡೆಯುತ್ತವೆ. ಎರಡನೇ ಸಾಲಿಗೆ ಎಡಗೈ ಮಧ್ಯಮಕ್ಕೆ (ಮ) ಹೋಗಿ ವಾಪಸ್ ಷಡ್ಜಕ್ಕೆ ಬರುತ್ತದೆ. ಮೂರನೇ ಸಾಲಿಗೆ ಪಂಚಮ (ಪ), ಮಧ್ಯಮ, ಕೊನೆಗೆ ಮತ್ತೆ ಷಡ್ಜ. ಪ್ರತಿ ಸಾಲಿನಲ್ಲೂ ಹಾಡುವವರು ಸುಮಾರು ಅರ್ಧ ಭಾಗ ಹಾಡಿ ನಿಲ್ಲಿಸುತ್ತಾರೆ, ಉಳಿದ ಅರ್ಧದಲ್ಲಿ ವಾದ್ಯ ಮಾತಾಡುತ್ತದೆ. ನಮ್ಮ ಮುಮ್ಮೇಳ ಹಿಮ್ಮೇಳದ ಹಾಗೆಯೇ. ನಿಧಾನದ ಬ್ಲೂಸಿನಲ್ಲಿ ಪ್ರತಿ ತಾಳದ ಪೆಟ್ಟೂ ಒಳಗೆ ಮೂರಾಗಿ ಒಡೆಯುತ್ತದೆ. ಅಜ್ಜಿಯ ಬೀಸುಕಲ್ಲಿನ ನಡೆ!

ಹುಡುಗಿ ಮಾಡಿದ್ದು ಇಷ್ಟೇ. ತ್ರಿಪದಿಯ ಮೂರು ಸಾಲನ್ನು ಬ್ಲೂಸಿನ ಹನ್ನೆರಡು ಆವರ್ತದಲ್ಲಿ ಕೂರಿಸಿದಳು. ಅಜ್ಜಿ ಎರಡನೇ ಸಾಲನ್ನು ಮತ್ತೆ ಹಿಡಿಯುವ ಜಾಗವನ್ನು ಗಂಟಲಿಗೆ ಕೊಡದೆ ಪಿಯಾನೋಗೆ ಬಿಟ್ಟಳು. ಯಾವುದನ್ನೂ ಬಲವಂತವಾಗಿ ಬಗ್ಗಿಸಲಿಲ್ಲ, ಇದ್ದ ಕಟ್ಟನ್ನು ಗುರುತಿಸಿದಳು. ಆ ಹಾಡು ಹತ್ತಿ ಗಿರಣಿಯಲ್ಲಿ ದುಡಿದ ಅವಳ ತಾತನ ಮೇಲೆ ಬರೆದದ್ದು. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರು ನಮ್ಮದು. ಅಲ್ಲಿ ಹತ್ತಿ ಬಿಡಿಸುತ್ತಾ ಹಾಡಿದವರು, ಇಲ್ಲಿ ಹತ್ತಿ ನೂಲುತ್ತಾ ಕೆಮ್ಮಿದವರು. ಇದನ್ನು ಅವಳು ಹಾಡಿನಲ್ಲಿ ಎಲ್ಲೂ ಬಾಯಿಬಿಟ್ಟು ಹೇಳಿಲ್ಲ, ಪಿಯಾನೋ ಮಾತ್ರ ಹೇಳುತ್ತದೆ. ಮೊದಲ ಸಲ ಕೇಳಿದಾಗ ನನಗೆ ಕಣ್ಣು ತುಂಬಿ ಬಂತು.

ಎಲ್ಲಾ ಕಡೆ ಇಷ್ಟು ಸಲೀಸಾಗಿ ಕೂಡುವುದಿಲ್ಲ. ಪಿಯಾನೋದ ಒಂದು ದೊಡ್ಡ ಕಷ್ಟ ಅದರ ಸ್ವರಗಳು ಅಲ್ಲಾಡುವುದಿಲ್ಲ ಅನ್ನೋದು. ಒಂದು ಸ್ಥಾಯಿಯನ್ನು, ಅಂದರೆ ಒಂದು ಷಡ್ಜದಿಂದ ಮೇಲಿನ ಷಡ್ಜದವರೆಗಿನ ಜಾಗವನ್ನು, ಹನ್ನೆರಡು ಸಮಭಾಗ ಮಾಡಿ ಹನ್ನೆರಡು ಮನೆ ಕಟ್ಟಿದ್ದಾರೆ. ಎರಡು ಮನೆಯ ನಡುವೆ ಏನೂ ಇಲ್ಲ. ನಮ್ಮ ಗಂಟಲಿಗೆ ಆ ನಡುವಿನ ಜಾಗವೇ ಜೀವ. ಸ್ವರವನ್ನು ಅಲ್ಲಾಡಿಸುವ ಗಮಕ, ಒಂದರಿಂದ ಇನ್ನೊಂದಕ್ಕೆ ಎಳೆದು ಹೋಗುವ ಜಾರು, ಮೀಂಡ್ ಎಲ್ಲಾ ಹುಟ್ಟುವುದು ಅಲ್ಲೇ. ಇನ್ನೂ ಒಂದು ಸೂಕ್ಷ್ಮ ಇದೆ. ಪಕ್ಕಪಕ್ಕದ ಎರಡು ಮನೆಗಳ ಅಂತರವನ್ನು ನೂರು ಭಾಗ ಮಾಡಿ ಅಂತ ಇಟ್ಟುಕೊಳ್ಳಿ. ಪಿಯಾನೋದಲ್ಲಿ ಷಡ್ಜದಿಂದ ಹಿಂದೂಸ್ತಾನಿಯವರು ಶುದ್ಧ ಅನ್ನುವ ಗಾಂಧಾರಕ್ಕೆ (ಗ) ಸರಿಯಾಗಿ 400 ಭಾಗ. ತಂಬೂರಿಯ ಷಡ್ಜದ ತಂತಿಯೊಳಗೆ ತಾನಾಗಿಯೇ ಕೇಳುವ ಗಾಂಧಾರ ಇರುವುದು ಸುಮಾರು 386ರಲ್ಲಿ. ಅಂದರೆ ಪಿಯಾನೋದ ಗಾಂಧಾರ 14 ಭಾಗ ಮೇಲಿದೆ. ಪಂಚಮದಲ್ಲಿ ಬರೀ 2 ಭಾಗ ವ್ಯತ್ಯಾಸ, ಕಿವಿಗೆ ಗೊತ್ತಾಗಲ್ಲ. ಗಾಂಧಾರದಲ್ಲಿ ಗೊತ್ತಾಗುತ್ತದೆ. ಆಕಾಶವಾಣಿಯಲ್ಲಿ 1940ರಿಂದ ಸುಮಾರು ಮೂರು ದಶಕ ಹಾರ್ಮೋನಿಯಂಗೆ ಬಾಗಿಲು ಮುಚ್ಚಿದ್ದರಲ್ಲ, ಅದಕ್ಕೆ ಕೊಟ್ಟ ಕಾರಣಗಳಲ್ಲಿ ಈ ಅಲ್ಲಾಡದ ಸ್ವರದ ದೂರೂ ಒಂದು.

ಹಾಗಾದರೆ ಇಷ್ಟು ಬಿಗಿಯಾಗಿ ಯಾಕೆ ಕಟ್ಟಿದರು? ಯಾವ ಮನೆಯನ್ನು ಬೇಕಾದರೂ ಷಡ್ಜ ಮಾಡಿಕೊಂಡು ಹೊರಡಬಹುದು ಅನ್ನೋದಕ್ಕೆ. ಮನೆಯಲ್ಲಿ ಹಾರ್ಮೋನಿಯಂ ಅಥವಾ ಕೀಬೋರ್ಡ್ ಇದ್ದರೆ ಒಮ್ಮೆ ಬರೀ ಕರಿ ಮನೆಗಳನ್ನು ಬಾರಿಸಿ ನೋಡಿ. ಎರಡು ಕರಿಯ ಗುಂಪಿನ ಎಡದಿಂದ ಒಂದು, ಎರಡು ಅಂತ ಎಣಿಸಿ, ಅದರ ಬಲಕ್ಕಿರುವ ಮೂರರ ಗುಂಪಿನಲ್ಲಿ ಮೂರು, ನಾಲ್ಕು, ಐದು. ಕರಿ ಮೂರನ್ನು ಷಡ್ಜ ಅಂತ ಹಿಡಿದು ಕರಿ ಮನೆಗಳನ್ನೇ ಏರಿದರೆ ಮೋಹನ, ಹಿಂದೂಸ್ತಾನಿಯವರ ಭೂಪ್. ಅದೇ ಐದು ಮನೆ, ಕರಿ ನಾಲ್ಕನ್ನು ಷಡ್ಜ ಮಾಡಿದರೆ ಮಧ್ಯಮಾವತಿ. ಕರಿ ಐದರಿಂದ ಹೊರಟರೆ ಹಿಂದೋಳ, ಅವರ ಮಾಲ್‌ಕೌಂಸ್. ಕರಿ ಒಂದರಿಂದ ಹೊರಟರೆ ಶುದ್ಧ ಸಾವೇರಿ, ಅದನ್ನೇ ಹಿಂದೂಸ್ತಾನಿಯಲ್ಲಿ ದುರ್ಗಾ ಅನ್ನುತ್ತಾರೆ. ಊರದೇವತೆ ದುರ್ಗಾಂಬಿಕೆಯನ್ನು ದುಗ್ಗಮ್ಮ ಅಂತ ಕರೆಯುವ ಊರಿನ ಹುಡುಗಿಗೆ ಇದು ಬಹಳ ಹಿಡಿಸಿಬಿಟ್ಟಿತು. ಜಾತ್ರೆಯ ಮೇಲಿನ ಹಾಡಿನಲ್ಲಿ ಎಡಗೈ ಕರಿ ಒಂದರಲ್ಲಿ ಶುರುವಾಗಿ ನಿಧಾನಕ್ಕೆ ಕರಿ ಐದಕ್ಕೆ ಕೂರುತ್ತದೆ, ಬಲಗೈ ಅದೇ ಐದು ಮನೆಯಲ್ಲಿ ಇರುತ್ತದೆ. ಕೇಳುವವರಿಗೆ ರಾಗ ಯಾವಾಗ ಬದಲಾಯಿತು ಅಂತ ತಿಳಿಯುವುದಿಲ್ಲ, ಹಗಲು ಇಳಿದು ಕತ್ತಲಾದ ಹಾಗೆ ಆಗುತ್ತದೆ.

ಸ್ವರಗಳನ್ನು ಒಟ್ಟಿಗೆ ಒತ್ತುವುದು, ಅಂದರೆ ಕಾರ್ಡ್, ಇದೇ ಬಗೆಯ ಇನ್ನೊಂದು ಕೆಲಸ ಮಾಡುತ್ತದೆ. ನೀವು ಪಂಚಮವನ್ನೇ ಹಿಡಿದು ನಿಲ್ಲಿ, ಅಲ್ಲಾಡಬೇಡಿ. ಕೆಳಗೆ ಪಿಯಾನೋ ಸ-ಗ-ಪ ಒತ್ತಿದರೆ ಮನೆಯೊಳಗೆ ನಿಂತ ಹಾಗೆ ಅನ್ನಿಸುತ್ತದೆ. ಅದೇ ಪಂಚಮದ ಕೆಳಗೆ ಗ-ಪ-ನಿ ಒತ್ತಿದರೆ ಏನೋ ಕಳಕೊಂಡ ಹಾಗೆ. ಗಾಂಧಾರ, ನಿಷಾದ (ನಿ) ಎರಡನ್ನೂ ಒಂದೊಂದು ಮನೆ ಕೆಳಗಿಳಿಸಿ, ಅಂದರೆ ಕೋಮಲ ಮಾಡಿ, ಪಂಚಮದ ಜೊತೆ ಒತ್ತಿದರೆ ಬೇರೆ ಯಾವುದೋ ಊರಿನ ಬಾಗಿಲು ತೆಗೆದ ಹಾಗೆ. ಹಾಡಿನ ಸ್ವರ ಒಂದೇ, ಅದರ ಕೆಳಗಿನ ನೆಲ ಬದಲಾಯಿತು. ನಮ್ಮ ಸಂಗೀತದಲ್ಲಿ ಈ ನೆಲ ತಂಬೂರಿಯದು, ಅದು ಕದಲುವುದಿಲ್ಲ. ಪಿಯಾನೋದಲ್ಲಿ ಸ್ವರ ಕದಲುವುದಿಲ್ಲ, ನೆಲ ಕದಲುತ್ತದೆ. ಇಂಥ ಆಲ್ಬಂ ಕೇಳುವಾಗ ಈ ಒಂದು ಮಾತು ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಹಾಗಾಗಿಯೇ ಅವಳು ಗಂಟಲಿನಲ್ಲಿ ಗಮಕ ಎಳೆಯುವ ಕಡೆ ಕಾರ್ಡ್ ಒತ್ತುವುದಿಲ್ಲ, ಬರೀ ಷಡ್ಜ ಪಂಚಮ ಇಟ್ಟು ಗಾಂಧಾರ ಬಿಟ್ಟುಬಿಡುತ್ತಾಳೆ. ಆ 14 ಭಾಗದ ಜಗಳವೇ ಬರುವುದಿಲ್ಲ. ಕಾರ್ಡ್ ಬದಲಾಗಿ ನೆಲ ಕದಲುವ ಕಡೆ ಗಂಟಲನ್ನು ನೇರ ಇಡುತ್ತಾಳೆ. ಬ್ಲೂಸಿನವರಿಗೂ ಇದೇ ಕಷ್ಟ ಇತ್ತು. ಅವರ ಹಾಡಿನ ಗಾಂಧಾರ ಕೋಮಲಕ್ಕೂ ಶುದ್ಧಕ್ಕೂ ನಡುವೆ ಎಲ್ಲೋ ಇರುತ್ತದೆ. ಪಿಯಾನೋದಲ್ಲಿ ಅದು ಇಲ್ಲದ್ದರಿಂದ ಎರಡೂ ಮನೆಯನ್ನು ಒಟ್ಟಿಗೆ ಒತ್ತಿ, ಅಥವಾ ಕೋಮಲದಿಂದ ಶುದ್ಧಕ್ಕೆ ಬೆರಳು ಜಾರಿಸಿ ಕಿವಿಗೆ ಆ ನಡುವಿನ ಸ್ವರದ ನೆನಪು ತರಿಸುತ್ತಿದ್ದರು.

ನಮ್ಮಲ್ಲೂ ಇಂಥ ಕೆಲಸ ಮಾಡಿದವರಿದ್ದಾರೆ. ಚಿಂದೋಡಿ ವೀರಪ್ಪನವರು ಕಟ್ಟಿದ, ಆಮೇಲೆ ಚಿಂದೋಡಿ ಲೀಲಾ ಅವರು ನಡೆಸಿದ ಕೆ.ಬಿ.ಆರ್. ಡ್ರಾಮಾ ಕಂಪನಿ ದಾವಣಗೆರೆಯದ್ದೇ. ಕಂಪನಿ ನಾಟಕಗಳ ಸಂಗೀತದಲ್ಲಿ ಹಿಂದೂಸ್ತಾನಿ ರಾಗ, ಮರಾಠಿ ರಂಗಗೀತೆಯ ಮಟ್ಟು, ಲಾವಣಿ, ಕಂದಪದ್ಯ ಎಲ್ಲಾ ಒಂದೇ ರಾತ್ರಿಯಲ್ಲಿ ಬರುತ್ತಿದ್ದವು. ಕೆಳಗೆ ಕಾಲಿನಿಂದ ತಿದಿ ಒತ್ತುವ ಹಾರ್ಮೋನಿಯಂ, ಅದರಲ್ಲಿ ಎರಡೂ ಕೈ ಬಿಡುವು. ನಮ್ಮತ್ತೆ ಅಂಥ ನಾಟಕಗಳನ್ನು ಬೆಳತನಕ ಕೂತು ನೋಡಿದವರು. "ಆಗ ನೀವು ಯಾವ ಥರದ ಹಾಡು ಅಂತ ಕೇಳಿದ್ರಾ?" ಅಂದೆ. "ಕಥೆ ಕೇಳ್ತಿತ್ತು, ಹಾಡು ಬರ್ತಿತ್ತು" ಅಂದರು. ಬೇರೆ ಬೇರೆ ಮಟ್ಟುಗಳನ್ನು ಕಥೆ ಹಿಡಿದಿಡುತ್ತಿತ್ತು. ಆಲ್ಬಂನಲ್ಲಿ ಆ ಕೆಲಸ ಪಿಯಾನೋ ಮಾಡಬೇಕು. ಎಂಟು ಹಾಡು ಎಂಟು ದಿಕ್ಕಿಗೆ ಹೋದರೂ ಕೈ ಒಂದೇ ಅಂತ ಗೊತ್ತಾಗಬೇಕು.

ರೆಕಾರ್ಡಿಂಗ್ ವಿಷಯಕ್ಕೆ ಬರೋಣ. ನಿಜವಾದ ಪಿಯಾನೋದೊಳಗೆ 200ಕ್ಕೂ ಜಾಸ್ತಿ ತಂತಿ, ಅವುಗಳ ಒಟ್ಟು ಎಳೆತ 15ರಿಂದ 20 ಟನ್. ಮರ ಹವೆಗೆ ಹಿಗ್ಗಿ ಕುಗ್ಗಿ ಶ್ರುತಿ ತಪ್ಪುತ್ತಲೇ ಇರುತ್ತದೆ. ಹಾಗಾಗಿ ಮನೆಯಲ್ಲಿ ಮಾಡುವವರು ಡಿಜಿಟಲ್ ಪಿಯಾನೋ ಇಟ್ಟುಕೊಳ್ಳುತ್ತಾರೆ. ಒಳ್ಳೆ ಪಿಯಾನೋದ ಒಂದೊಂದು ಸ್ವರವನ್ನೂ ಮೆಲ್ಲಗೆ, ಮಧ್ಯಮ, ಜೋರು ಅಂತ ಹಲವು ಸಲ ರೆಕಾರ್ಡ್ ಮಾಡಿ ಇಟ್ಟಿರುತ್ತಾರೆ. ನೀವು ಒತ್ತಿದ ವೇಗವನ್ನು ಯಂತ್ರ 1ರಿಂದ 127ರವರೆಗಿನ ಅಂಕಿಯಾಗಿ ಬರೆದುಕೊಂಡು ಅದಕ್ಕೆ ತಕ್ಕ ಸದ್ದು ಕೊಡುತ್ತದೆ. ಗಂಟಲಿಗೆ ಇಂಥ ದಾರಿ ಇಲ್ಲ, ಕೋಣೆಯೇ ಬೇಕು. ಅವಳು ಗೋಡೆಗೆ ಅಜ್ಜಿಯ ಕೌದಿಗಳನ್ನು ನೇತುಹಾಕಿದ್ದಾಳೆ, ಸದ್ದು ಗೋಡೆಗೆ ಬಡಿದು ವಾಪಸ್ ಬರಬಾರದು ಅಂತ. ಫ್ಯಾನ್ ಆರಿಸಬೇಕು. ಏಪ್ರಿಲ್‌ನಲ್ಲಿ ದಾವಣಗೆರೆಯ ಮುಚ್ಚಿದ ಕೋಣೆ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ರಾತ್ರಿ ಹನ್ನೊಂದರ ಮೇಲೆ, ಬೀದಿ ಸುಮ್ಮನಾದಾಗ, ಎರಡು ಹಾಡು ಹಾಡಿ ಹೊರಗೆ ಬಂದರೆ ಬಟ್ಟೆ ಹಿಂಡಬೇಕು.

ಮೊದಲು ಒಂದು ಹಾಡನ್ನು ಹೊರಗಿನ ಸ್ಟುಡಿಯೋ ಒಂದಕ್ಕೆ ಕೊಟ್ಟಿದ್ದಳು. ಅವರು ಶ್ರುತಿ ಸರಿಮಾಡುವ ಸಾಫ್ಟ್‌ವೇರ್ ಹಾಕಿ ಕಳಿಸಿದರು. ಅದು ಏನು ಮಾಡುತ್ತದೆ ಅಂದರೆ, ಹಾಡಿದ ಸ್ವರ ಹನ್ನೆರಡು ಮನೆಗಳಲ್ಲಿ ಯಾವುದಕ್ಕೆ ಹತ್ತಿರ ಇದೆಯೋ ಅಲ್ಲಿಗೆ ಎಳೆದು ಕೂರಿಸುತ್ತದೆ. ಜೋರಾಗಿ ಹಾಕಿದರೆ ಜಾರು ಮೆಟ್ಟಿಲಾಗುತ್ತದೆ. ಅವಳ ಗಮಕಗಳೆಲ್ಲಾ ತಪ್ಪು ಅಂತ ಲೆಕ್ಕವಾಗಿ ನೇರವಾಗಿಬಿಟ್ಟಿದ್ದವು. ಗಂಟಲು ಪಿಯಾನೋ ಆಗಿಬಿಟ್ಟಿತ್ತು. ಆ ದಿನ ಅವಳು ಅತ್ತಳು, ಮಾರನೇ ದಿನ ಮೈಕು ಕೊಂಡಳು.

ಹಕ್ಕಿನ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡಿನ ಸಾಹಿತ್ಯ, ಅದರ ಸಂಗೀತ, ಅದರ ರೆಕಾರ್ಡಿಂಗ್ ಬೇರೆ ಬೇರೆ ಆಸ್ತಿ. ಮೊದಲೆರಡು ಬರೆದವರ ಜೀವಿತ ಕಾಲ ಮತ್ತು ಆಮೇಲೆ 60 ವರ್ಷ. ರೆಕಾರ್ಡಿಂಗ್ ಬಿಡುಗಡೆಯಾದ ಮೇಲೆ 60 ವರ್ಷ, ಅದು ಮಾಡಿಸಿದವರದ್ದು. ಎಲ್ಲಾ ತಾನೇ ಮಾಡಿಕೊಂಡಿರುವುದರಿಂದ ಮೂರೂ ಅವಳದ್ದೇ. ದುಡ್ಡು ಬರುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ. ಸ್ಪಾಟಿಫೈನಲ್ಲಿ 2024ರಿಂದ ಒಂದು ಹಾಡು ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಲ್ಪಡದಿದ್ದರೆ ರೆಕಾರ್ಡಿಂಗ್ ಹಣವೇ ಇಲ್ಲ. ಅದಕ್ಕೇ ನನ್ನ ವಿನಂತಿ, ಇಂಥವರ ಹಾಡು ಇಷ್ಟವಾದರೆ ಪೂರ್ತಿ ಕೇಳಿ, ಮತ್ತೆ ಕೇಳಿ, ಇನ್ನೊಬ್ಬರಿಗೂ ಕಳಿಸಿ.

ಪೂರ್ತಿ ಅಂದರೆ ಸಾಲಾಗಿ. ಹಾಡುಗಳ ಅನುಕ್ರಮಕ್ಕೆ ಅವಳು ಎರಡು ತಿಂಗಳು ಕೂತಿದ್ದಾಳೆ. ಎರಡನೇ ಹಾಡು ಮುಗಿಯುವ ಪಂಚಮವೇ ಮೂರನೆಯದರ ಷಡ್ಜ. ಜಾತ್ರೆಯ ಹಾಡಿನ ಗದ್ದಲ ಮುಗಿದ ಮೇಲೆ ಬರುವ ಹಾಡಿನಲ್ಲಿ ಸುತ್ತಿಗೆಗೂ ತಂತಿಗೂ ನಡುವೆ ಬಟ್ಟೆ ಇಟ್ಟ ಹಾಗಿನ ಮಂದ ಸದ್ದು. ಮೊದಲ ಸಲ ಹಾಡನ್ನು ಕೇಳಿ, ಎರಡನೇ ಸಲ ಎಡಗೈ ಒಂದನ್ನೇ ಹಿಂಬಾಲಿಸಿ. ಇಯರ್‌ಫೋನ್ ಇದ್ದರೆ ಒಳ್ಳೆಯದು, ಮೊಬೈಲ್ ಸ್ಪೀಕರಿನಲ್ಲಿ ಕೆಳಸ್ಥಾಯಿ ಕೇಳಿಸುವುದೇ ಇಲ್ಲ.

ಎಂಟನೇ ಹಾಡು ಮೊನ್ನೆ ತಾನೇ ಮುಗಿಯಿತು. ಅದರಲ್ಲಿ ಅಜ್ಜಿಯ ದನಿಯೇ ಇದೆ. ಚಳ್ಳಕೆರೆ ಕಡೆಯ ಮನೆಯಲ್ಲಿ, ಬೀಸುಕಲ್ಲಿನ ಮುಂದೆ ಕೂರಿಸಿ ಒಂದೇ ಸಲಕ್ಕೆ ರೆಕಾರ್ಡ್ ಮಾಡಿಕೊಂಡು ಬಂದಳು. ಇಲ್ಲಿಗೆ ಬಂದು ಪಿಯಾನೋ ಹಚ್ಚಿ ನೋಡಿದರೆ ಅಜ್ಜಿಯ ಷಡ್ಜ ಯಾವ ಮನೆಯಲ್ಲೂ ಇಲ್ಲ. ಬಿಳಿ ನಾಲ್ಕಕ್ಕಿಂತ ಸ್ವಲ್ಪ ಮೇಲೆ, ಕರಿ ಮೂರಕ್ಕೆ ಬಹಳ ಕೆಳಗೆ. ಬಿಳಿ ಮನೆಗಳನ್ನು ಕರಿ ಒಂದರ ಎಡಕ್ಕಿರುವ ಮನೆಯಿಂದ ಎಣಿಸುತ್ತಾರೆ. ಅಜ್ಜಿಯ ದನಿಯನ್ನು ಕಂಪ್ಯೂಟರಿನಲ್ಲಿ ಕೆಳಗೆ ಎಳೆಯಬಹುದಿತ್ತು, ಎರಡು ನಿಮಿಷದ ಕೆಲಸ. ಅವಳು ಒಪ್ಪಲಿಲ್ಲ. ಡಿಜಿಟಲ್ ಪಿಯಾನೋದಲ್ಲಿ ಇಡೀ ಶ್ರುತಿಯನ್ನು ಸ್ವಲ್ಪ ಸ್ವಲ್ಪವೇ ಏರಿಸುವ ಇಳಿಸುವ ವ್ಯವಸ್ಥೆ ಇರುತ್ತದೆ. ಸಾಮಾನ್ಯವಾಗಿ ಮಧ್ಯದ ಬಿಳಿ ಆರನ್ನು ಸೆಕೆಂಡಿಗೆ 440 ಕಂಪನಕ್ಕೆ ಇಡುತ್ತಾರೆ. ಅವಳು ಒಂದೊಂದೇ ಅಂಕಿ ಏರಿಸುತ್ತಾ, ಪ್ರತಿ ಸಲವೂ ಅಜ್ಜಿಯ ದನಿ ಹಾಕಿ ಕೇಳುತ್ತಾ, 447ಕ್ಕೆ ಬಂದು ನಿಲ್ಲಿಸಿದಳು. 88 ಮನೆಯೂ ಅಜ್ಜಿಯ ಗಂಟಲಿಗೆ ಬಂದವು. ಆಮೇಲೆ ಬರೀ ಷಡ್ಜ ಪಂಚಮ ಬಾರಿಸಿದಳು, ಅದೂ ಕಲ್ಲು ಸುತ್ತು ಮುಗಿಸುವ ಕಡೆ ಮಾತ್ರ.

ನಮ್ಮತ್ತೆ ಆ ಹಾಡನ್ನು ಇನ್ನೂ ಕೇಳಿಲ್ಲ. ಭಾನುವಾರ ಬಂದು ಕೇಳಿಸುತ್ತೇನೆ ಅಂದಿದ್ದಾಳೆ.